ಕಂಬಳಿಯೊಳಗಿನ ಮುನಿಸು

ಮುನ್ನೂರು ಕುರಿಗಳನ್ನು ಒಂದೇ ಸಿಳ್ಳೆಗೆ ತಿರುಗಿಸುವ ಬರಗೂರಿನ ಹುಚ್ಚಣ್ಣನಿಗೆ ಮೂರು ವರ್ಷದ ಮಗಳು ಪುಟ್ಟಕ್ಕನನ್ನು ಮಾತ್ರ ಒಂದು ಗೇಣೂ ಕದಲಿಸಲು ಆಗುತ್ತಿರಲಿಲ್ಲ. ಸಿಟ್ಟು ಬಂದರೆ ಆ ಮಹಾತಾಯಿ ತನ್ನ ಪುಟ್ಟ ಕಂಬಳಿಯ ಮುಸುಕೆಳೆದುಕೊಂಡು ನಡುದಾರಿಯಲ್ಲೇ ಕೂತುಬಿಡುವಳು. ಮೈಸೂರು ದಿವಾನರ ಮೋಟಾರು ಬಂದು ಪೋಂ ಪೋಂ ಎಂದರೂ ಏಳುವವಳಲ್ಲ. (ದಿವಾನರು ಆ ಕಡೆ ಬಂದಿರಲಿಲ್ಲ, ಅವರ ಪುಣ್ಯ.)

ಹುಚ್ಚಣ್ಣನ ಪ್ರಕಾರ ತಪ್ಪೆಲ್ಲ ಹೆಂಡತಿ ಜುಂಜಮ್ಮನದು. ಅವಳ ಅಣ್ಣ ನರಸಪ್ಪನ ಮಗುವಿಗೆ ಹೆಸರಿಡುವ ದಿನ ಮೂವರೂ ಮದಲೂರಿಗೆ ಹೊರಟಾಗ, ಹೊಸಿಲು ದಾಟುವ ಮೊದಲೇ ಘೋಷಣೆ ಹೊರಡಿಸಿದ.

“ಲೇ ಜುಂಜಿ, ಮುದ್ದು ಮಾಡಿ ಮಾಡಿ ಕೆಡಿಸ್ಬುಟ್ಟಿದ್ದೀಯ. ಇವತ್ತು ನೀನು ಬಾಯೇ ಬುಡಕೂಡ್ದು. ಮಗೀನ ನಾನು ನಡೆಸ್ಕಂಡು ಬತ್ತೀನಿ.”

“ಆಗ್ದಿದ್ರೆ?”

“ನಿಮ್ಮಣ್ಣನ ಮನೇಲಿ ಎಲ್ಲಾರ ಮುಂದೆ ರಾಗಿ ಬೀಸ್ತೀನಿ!”

ಬೀಸುವ ಕಲ್ಲು ಗಂಡಸರು ಮುಟ್ಟುವ ವಸ್ತುವಲ್ಲ. ನಂಟರ ಮುಂದೆ ರಾಗಿ ಬೀಸಿದ ಅಳಿಯ ಆಮೇಲೆ ಮೀಸೆ ಹೊತ್ತು ತಿರುಗುವುದು ಹೇಗೆ? ಆದರೆ ಹುಚ್ಚಣ್ಣನಿಗೆ ತನ್ನ ವಿದ್ಯೆಯ ಮೇಲೆ ಅಪಾರ ನಂಬಿಕೆಯಿತ್ತು.

ಕೂಸಿಗೆ ಉಡುಗೊರೆಯೆಂದು ಒಯ್ಯುತ್ತಿದ್ದ ಮೇಕೆಮರಿಯ ಹಗ್ಗ ಹಿಡಿದು ಪುಟ್ಟಕ್ಕ ಕುಣಿಯುತ್ತಾ ಬಂದಳು. ಕೆರೆಯ ಏರಿಯ ಮೇಲೆ ಮರಿ ನೀರಿನ ಕಡೆ ಎಳೆಯಿತು. ಹುಚ್ಚಣ್ಣ ಹಗ್ಗ ಕಿತ್ತುಕೊಂಡ. ಪುಟ್ಟಕ್ಕ ಅಲ್ಲೇ ಕುಕ್ಕರಿಸಿ ಮುಸುಕೆಳೆದುಕೊಂಡು ಅಳತೊಡಗಿದಳು.

ಹಟಮಾರಿ ಟಗರಿಗೆ ಸೊಪ್ಪು ತೋರಿಸಬೇಕಷ್ಟೆ? ಗಂಟಿನಿಂದ ಬೆಲ್ಲದ ಚೂರು ತೆಗೆದು ಹಿಡಿದ. ಮುಸುಕಿನಿಂದ ಒಂದು ಕೈ ಬಂತು, ಬೆಲ್ಲ ಒಳಗೆ ಹೋಯಿತು, ಮುಸುಕು ಇನ್ನೂ ಬಿಗಿಯಾಯಿತು. ಮುಂದೆ ನಡೆದರೆ ಹಿಂಡು ಹಿಂದೆ ಬರುತ್ತದೆಂದು ಬಿರಬಿರನೆ ಹೋಗಿ ತಿರುಗಿ ನೋಡಿದರೆ, ಹಿಂದೆ ಬಂದಿದ್ದು ಮೇಕೆಮರಿ ಮಾತ್ರ. ಕೊನೆಗೆ ಮಗಳನ್ನೇ ಎತ್ತಿ ಹೆಗಲಿಗೇರಿಸಿಕೊಂಡ.

“ಅಯ್ಯಯ್ಯೋ! ಕಿವಿ ಕಚ್ಬುಟ್ಲು ಕಣೇ! ನೀನೇ ಏನಾರ ಮಾಡೇ!”

ಜುಂಜಮ್ಮ ಮಗುವನ್ನು ಇಳಿಸಿಕೊಂಡಳು. ಪಕ್ಕದಲ್ಲಿ ಕೂತು ಸುಮ್ಮನೆ ಹುಲ್ಲು ಕೀಳುತ್ತಿದ್ದಳು. ಅಳು ಬಿಕ್ಕಳಿಕೆಗೆ ಇಳಿದ ಮೇಲೆ ಕೇಳಿದಳು: “ಹಗ್ಗ ಕಿತ್ಕಂಡಿದ್ಕೆ ಸಿಟ್ಟು ಬಂತಾ ಮಗ?”

ಮುಸುಕು ತಲೆಯಾಡಿಸಿತು.

“ಮರಿ ನೀರಿಗೆ ಬಿದ್ದೋಯ್ತದೆ ಅಂತ ಅಪ್ಪಂಗೆ ಭಯ ಕಣವ್ವ. ಇಬ್ರೂ ಸೇರಿ ಹಿಡ್ಕಳಾನಾ?”

ಮುಸುಕು ಸರಿಯಿತು. ಪುಟ್ಟಕ್ಕ ಎದ್ದಳು.

“ಎಷ್ಟು ಸೇರು ಬೀಸ್ತೀಯಯ್ಯ?” ಎಂದು ಜುಂಜಮ್ಮ ಗಂಡನನ್ನು ಮೆಲ್ಲಗೆ ವಿಚಾರಿಸಿದಳು.

“ನಾನು ಬರಾಕಿಲ್ಲ! ನಿಮ್ಮಣ್ಣನ ಮನೆಗೆ ನೀವೇ ಹೋಗಿ!” ಎಂದು ಗುಡುಗಿದ ಹುಚ್ಚಣ್ಣ ಜಾಲಿಮರದ ಕೆಳಗೆ ಕುಕ್ಕರಿಸಿ, ತನ್ನ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡ. (ಮಗಳು ಈ ವಿದ್ಯೆ ಯಾರಿಂದ ಕಲಿತಳೆಂದು ಅವನು ಎಂದೂ ಯೋಚಿಸಿರಲಿಲ್ಲ.)

ಯಾರಾದರೂ ರಮಿಸಿಯಾರು ಎಂದು ಒಳಗೇ ಕಾದ. ಯಾರೂ ರಮಿಸಲಿಲ್ಲ. ಪಕ್ಕದಲ್ಲಿ ಹುಲ್ಲು ಕೀಳುವ ಸದ್ದು ಮಾತ್ರ ಕೇಳಿಸಿತು. ಆಮೇಲೆ ಪಿಸುಮಾತು.

“ಅವ್ವಾ, ಅಪ್ಪಂಗೆ ಬೆಲ್ಲ ಕೊಡಾನಾ?”

“ಬ್ಯಾಡ ಕಣವ್ವ. ತಿಂದ್ಬುಟ್ಟು ಮತ್ತೆ ಮುಸುಕೆಳ್ಕಂತಾನೆ. ಸುಮ್ಕೆ ಪಕ್ದಲ್ಲಿ ಕುಂತ್ಕ. ಮದ್ವೆ ಆದಾಗ್ಲಿಂದ ನೋಡಿವ್ನಿ, ತಾನೇ ಎದ್ದು ಬತ್ತಾನೆ.”

ಹುಚ್ಚಣ್ಣನ ಮೈ ಉರಿದುಹೋಯಿತು. ಇಷ್ಟು ವರ್ಷ ತನ್ನನ್ನು ಮೇಯಿಸಿದ್ದು ಹೀಗೋ! ಹೊತ್ತು ಮುಳುಗಿದರೂ ಏಳಬಾರದೆಂದು ಭೀಷ್ಮಪ್ರತಿಜ್ಞೆ ಮಾಡಿದ. ಅಷ್ಟರಲ್ಲಿ ಬೆಲ್ಲದ ಅಂಟಿನ ಪುಟ್ಟ ಕೈಯೊಂದು ಕಂಬಳಿಯೊಳಗೆ ತೂರಿ, ಹಗ್ಗದ ತುದಿಯನ್ನು ಅವನ ಕೈಗಿಟ್ಟಿತು.

“ಸಿಟ್ಟು ಬಂತಾ ಅಪ್ಪಾ? ಇಬ್ರೂ ಹಿಡ್ಕಳಾನಾ?”

ನಾಚಿಕೆಯ ಮಾತೆಂದರೆ, ಹುಚ್ಚಣ್ಣ ಮುಸುಕಿನೊಳಗಿಂದಲೇ ತಲೆಯಾಡಿಸಿಬಿಟ್ಟ.

ಮಧ್ಯಾಹ್ನ ನರಸಪ್ಪನ ಪಡಸಾಲೆಯಲ್ಲಿ ನಂಟರೆಲ್ಲ ಸುತ್ತ ನೆರೆದು ಹೊಟ್ಟೆ ಹಿಡಿದುಕೊಂಡು ನಗುತ್ತಿರಲು, ಅಳಿಯದೇವರು ರಾಗಿ ಬೀಸಿದರು. ಕಲ್ಲಿನ ಗೂಟದ ಮೇಲೆ ಅವನ ಕೈಯ ಜೊತೆಗೆ ಪುಟ್ಟಕ್ಕನ ಕೈಯೂ ಇತ್ತು. ನಗು ತೀರಾ ಜೋರಾದಾಗ ಹುಚ್ಚಣ್ಣ ಸಿಡುಕಿ ಕಂಬಳಿಗಾಗಿ ತಡಕಾಡಿದ.

ಜುಂಜಮ್ಮ ಅದನ್ನು ಮೊದಲೇ ಮಡಿಸಿ, ಅದರ ಮೇಲೆ ಕೂತಿದ್ದಳು.