ಮಲ್ಲಮ್ಮನ ಪೇರಲಕ್ಕೆ ಮೂರು ಸಂಬಂಧ

…ಅಥವಾ ಕಸಿಗೆಂದು ಮೊದಲು ತಂದದ್ದು ನೇರಳೆ ಕಡ್ಡಿಯೋ? ಇಲ್ಲ, ದಾಳಿಂಬೆಯೇ ಇರಬೇಕು. ಈ ಕಥೆಯನ್ನು ನನಗೆ ಅನುಕೂಲವಾಗುವ ಹಾಗೆ ಎಷ್ಟು ಸಲ ಹೇಳಿದ್ದೇನೆಂದರೆ, ನಡೆದದ್ದು ಯಾವುದು, ನಾನು ಸೇರಿಸಿದ್ದು ಯಾವುದು ಎಂದು ನನಗೇ ಅನುಮಾನ. ಪೊಲೀಸ್ ಆ್ಯಕ್ಷನ್ ಮುಗಿದು ಒಂದೆರಡು ವರ್ಷವಾಗಿತ್ತು ಎಂಬುದು ಮಾತ್ರ ಖರೆ. ಸಂಸ್ಥಾನ ಭಾರತಕ್ಕೆ ಸೇರಿ ಹೈದರಾಬಾದಿನಲ್ಲಿ ಸರ್ಕಾರ ಬದಲಾಗಿತ್ತು. ಬೀದರಿನ ಸಾಲೆಯಲ್ಲಿ ನಾನು ಅದೇ ಹಳೆಯ ಉರ್ದು ಪುಸ್ತಕ ಹಿಡಿದು ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ದೇಶವೇ ಹೊಸದಾಗಿರುವಾಗ ಮಾಸ್ತರನೊಬ್ಬ ಹಳಬನಾಗಿ ಉಳಿಯಬಹುದೇ? ಸಂಶೋಧನೆ ಮಾಡಲು ತೀರ್ಮಾನಿಸಿದೆ!

ಮರ್ಟಲ್ ಎಂಬ ಗಿಡದ ಹೆಸರಿನಲ್ಲಿ ದೊಡ್ಡದೊಂದು ಗಣವಿದೆ. ಪೇರಲ, ನೇರಳೆ, ದಾಳಿಂಬೆ, ಮೆಹಂದಿ ಎಲ್ಲವೂ ಅದರ ಬಳಗ ಎಂದು ಆ ಪುಸ್ತಕ ಹೇಳುತ್ತಿತ್ತು. ಮರ್ಟಲನ್ನು ನಾನು ಕಂಡಿರಲಿಲ್ಲ. ಅದರಿಂದ ನನ್ನ ಧೈರ್ಯಕ್ಕೇನೂ ಕುಂದು ಬರಲಿಲ್ಲ. ಬಳಗ ಒಂದೇ ಎಂದಮೇಲೆ ಕಸಿ ಕೂಡಲೇಬೇಕು. ಹೊರಗೆ ಪೇರಲ, ಒಳಗೆ ದಾಳಿಂಬೆ!

ಸಣ್ಣ ತೊಡಕೆಂದರೆ, ನನ್ನ ಬಳಿ ಮರವಿರಲಿಲ್ಲ. ಪಕ್ಕದ ಮನೆಯ ಮಲ್ಲಮ್ಮನ ಬಳಿ ಇತ್ತು. ಜನವಾಡದಿಂದ ಬಂದು ನೆಲೆಸಿದ ವಿಧವೆ; ಆ ಒಂದೇ ಮರದ ಹಣ್ಣು ಮಾರಿ ವರ್ಷದ ಜೋಳ ತರುತ್ತಿದ್ದಳು.

ನನ್ನ ಹೆಂಡತಿ ಶಾಂತಾ ಮೊದಲೇ ಅಡ್ಡ ಬಂದಳು. “ಒಂದೇ ಬೆಡಗಿನಾಗ, ಒಂದೇ ಗೋತ್ರದಾಗ ಮದುವಿ ಹ್ಯಾಂಗ ಆಗ್ತದರಿ? ಅಣ್ಣ-ತಂಗಿ ಆಗ್ತಾವ.”

“ಇದು ವಿಜ್ಞಾನ ಅದ. ಗಿಡದಾಗ ಒಳಸಂಬಂಧನೇ ಬೇಕು.”

“ನಡೀತದ ತಗೋರಿ,” ಎಂದಳು ಗೋಡೆಯಾಚೆ ಕೇಳಿಸಿಕೊಳ್ಳುತ್ತಿದ್ದ ಮಲ್ಲಮ್ಮ. “ನಮ್ಮಲ್ಲಿ ಸೋದರಮಾವಗ ಕೊಡಂಗಿಲ್ಲೇನು? ಆದ್ರ ಮದುವಿ ಅಂದ್ರ ಮದುವಿ. ಅಕ್ಕಿಕಾಳು ಬೀಳ್ಬೇಕ್ರಿ ಮಾಸ್ತರ!”

ಭಾಲ್ಕಿಯ ಮಾವನ ಮನೆಯಿಂದ ದಾಳಿಂಬೆ ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದೆ. ಓಣಿಯ ಹೆಂಗಸರೆಲ್ಲ ಸೇರಿದರು. ಅರಿಷಿಣ ಹಚ್ಚಿದರು, ಹಾಡಿದರು. ನಾನು ಪೇರಲದ ಒಳ್ಳೆಯ ಟೊಂಗೆಯೊಂದನ್ನು ಕೊಯ್ದು, ಸೀಳಿ, ಕಡ್ಡಿ ಸಿಕ್ಕಿಸಿ, ಬಟ್ಟೆ ಬಿಗಿದು, ಸಗಣಿ ಮೆತ್ತಿದೆ. ಅಕ್ಷತೆ ಬಿತ್ತು. ವಿಜ್ಞಾನಕ್ಕೆ ಇಷ್ಟು ಮರ್ಯಾದೆ ಹೈದರಾಬಾದಿನಲ್ಲೂ ಸಿಕ್ಕಿರಲಾರದು!

ಮರುದಿನದಿಂದ ಮಲ್ಲಮ್ಮ ಗಂಡಿನ ಕಡೆಯವಳು, ನಾನು ಹೆಣ್ಣಿನ ಕಡೆಯವನು. ಗೋಡೆಯಾಚೆಯಿಂದ ಕೂಗುತ್ತಿದ್ದಳು: “ಬೀಗರ, ನಿಮ್ಮ ಹುಡುಗಿ ಕಣ್ಣೇ ತೆರಿವಲ್ಲಳು!”

“ಹೊಸ ಮನಿ ಅದ. ನಾಚಿಕಿ.”

ನಾಚಿಕೆಯಲ್ಲೇ ಅವಳು ಒಣಗಿ ಕಡ್ಡಿಯಾದಳು.

ಸಂಶೋಧಕ ಎದೆಗುಂದಬಾರದು. ಔರಾದಿಗೆ ಹೋಗಿ ನೇರಳೆ ತಂದೆ. ಪೇರಲಕ್ಕೆ ಅದು ಇನ್ನೂ ಹತ್ತಿರದ ನೆಂಟ. “ಎರಡನೇ ಸಂಬಂಧಕ್ಕ ಬಾಜಾ-ಬಜಂತ್ರಿ ಬ್ಯಾಡ್ರಿ,” ಎಂದು ಮಲ್ಲಮ್ಮ ಮುಖ ತಿರುಗಿಸಿದಳು. ಇನ್ನೊಂದು ಟೊಂಗೆ ಹೋಯಿತು. ನೇರಳೆಯೂ ಹೋಯಿತು. ಒಂದೊಂದೇ ಟೊಂಗೆಯಲ್ಲಿ ಮಾಡಿದ ಪ್ರಯೋಗಕ್ಕೆ ವಿಜ್ಞಾನದಲ್ಲಿ ಬೆಲೆಯಿಲ್ಲ ಎಂದು ಆಗ ಹೊಳೆಯಿತು. ಉಳಿದ ಟೊಂಗೆಗಳನ್ನೆಲ್ಲ ಕೊಯ್ದು ಒಂದೇ ದಿನ ಮೆಹಂದಿ ಕಡ್ಡಿ ಕಟ್ಟಿದೆ!

ಮೆಹಂದಿಯೂ ಒಣಗಿತು. ಅಂಗಳದಲ್ಲಿ ಉಳಿದದ್ದು, ಸಗಣಿ ಮೆತ್ತಿದ ಬ್ಯಾಂಡೇಜುಗಳ ಒಂದು ಗೂಟ.

ಮಲ್ಲಮ್ಮ ಈ ಸಲ ಗೋಡೆ ಸುತ್ತಿ ಬಂದಳು. ಖಾಲಿ ಬುಟ್ಟಿ ತಂದು ನನ್ನ ಮುಂದಿಟ್ಟಳು. “ಇದ್ರಾಗ ಏನ್ ಹಾಕ್ಕೊಂಡು ಮಾರ್ಲಿ ಮಾಸ್ತರ? ನಿಮ್ಮ ಪುಸ್ತಕ ಹಾಕ್ಲೇನು?”

ಶಾಂತಾ ನನ್ನನ್ನು ಕೇಳದೆ ನಮ್ಮ ಜೋಳದಲ್ಲಿ ಅರ್ಧ ಅಳೆದು ಕೊಟ್ಟಳು. ನನಗೆ ಊಟವನ್ನೂ ಅದೇ ಲೆಕ್ಕದಲ್ಲಿ ಹಾಕಿದಳು.

ಮಳೆ ಬಿತ್ತು. ಗೂಟದ ತುಂಬ ಚಿಗುರು! ಚಿಗುರಿನ ತುಂಬ ಹೂವು! ಚಳಿಗಾಲಕ್ಕೆ, ಆ ಮರ ಎಂದೂ ಬಿಡದಷ್ಟು ಪೇರಲ. ಟೊಂಗೆ ಸವರಿದರೆ ಪೇರಲ ಹೆಚ್ಚು ಬಿಡುತ್ತದೆಂದು ನನ್ನ ಪುಸ್ತಕ ಹೇಳಿರಲಿಲ್ಲ.

“ಮೂರೂ ಹೆಂಡ್ರ ಕಾಟ ತಪ್ತು ನೋಡ್ರಿ,” ಎಂದಳು ಮಲ್ಲಮ್ಮ, “ಗಂಡಗ ಮೈ ತುಂಬ್ತು.”

ನಾನು ಚಾಕು ತಂದು ಒಂದು ಹಣ್ಣು ಕೊಯ್ದೆ. ಒಳಗೆ ಕೆಂಪು! ದಾಳಿಂಬೆಯ ಕೆಂಪೋ, ಮೆಹಂದಿಯ ಕೆಂಪೋ! “ನೋಡ್ರಿ, ಸಂಶೋಧನೆ!” ಎಂದು ಕುಣಿದೆ.

“ಮೊದಲಿಂದ್ಲೂ ಕೆಂಪೇ ಇತ್ತಲ್ಲರಿ,” ಎಂದಳು ಶಾಂತಾ.

“ಇಲ್ಲ, ಬಿಳಿ ಇತ್ತು. ಅಲ್ಲೇನು ಮಲ್ಲಮ್ಮ?”

ಮಲ್ಲಮ್ಮ ನನ್ನ ಕೈಯಲ್ಲಿದ್ದ ಚಾಕುವನ್ನೇ ನೋಡಿದಳು. “ಬಿಳಿ ಅನ್ಲೇನ್ರಿ, ಕೆಂಪು ಅನ್ಲೇನ್ರಿ? ಯಾವುದು ಅಂದ್ರ ನೀವು ಮತ್ತ ಚಾಕು ತರಂಗಿಲ್ಲ, ಅದೇ ಅಂತೇನಿ.”

ಪ್ರಯೋಗಕ್ಕೆ ಮೊದಲು ಆ ಮರದ ಒಂದು ಹಣ್ಣನ್ನಾದರೂ ನಾನು ಕೊಯ್ದು ನೋಡಿರಲಿಲ್ಲ. ಅದು ಬಿಳಿಯಿತ್ತೋ ಕೆಂಪಿತ್ತೋ, ನನಗೆ ಗೊತ್ತಿಲ್ಲ.