ಹಾಲು ಹೆಂಗೈತಮ್ಮಾ?

ಬಾಣಂತಿ ಮನೆಗೂ ಬಸ್ ಸ್ಟ್ಯಾಂಡಿಗೂ ದೊಡ್ಡ ವ್ಯತ್ಯಾಸವೇನಿಲ್ಲ. ಎರಡೂ ಕಡೆ ಯಾರು ಬೇಕಾದರೂ ಬರುತ್ತಾರೆ, ಬಂದವರಿಗೆಲ್ಲ ದಾರಿ ಗೊತ್ತಿರುತ್ತದೆ, ಕೇಳದಿದ್ದರೂ ಹೇಳುತ್ತಾರೆ. ನಾನು ಮಧುಗಿರಿ ಕಡೆ ಬಸ್ ಕಂಡಕ್ಟರ್. ತುಂಬಿದ ಬಸ್ಸನ್ನು ಒಂದೇ ಸಲ ಗದರಿ ಸುಮ್ಮನಾಗಿಸುವವಳು. ಚೊಚ್ಚಲ ಹೆರಿಗೆಗೆ ಹೊಳವನಹಳ್ಳಿಯ ತವರಿಗೆ ಬಂದದ್ದೇ ಬಂದದ್ದು, ನನ್ನ ಬಾಯಿಗೆ ಬೀಗ ಬಿತ್ತು.

ಮಗ ಹುಟ್ಟಿದ್ದು ಸಲೀಸಾಗಿಯೇ. ಹಾಲಿನದೇ ತಕರಾರು. ಅವನು ಎದೆಗೆ ಬಾಯಿ ಹಾಕಿದರೆ ನನಗೆ ಜೀವ ಹೋಗುವಂಥ ನೋವು, ಬಿಡಿಸಿದರೆ ಅವನಿಗೆ ಹಸಿವು. ತಾಯಿ ಮಗ ಇಬ್ಬರೂ ಜೊತೆಯಲ್ಲೇ ಅಳುತ್ತಿದ್ದೆವು. 'ಇನ್ನೊಂದು ಸಲ ತೂಕ ನೋಡೋಣ, ಏರದೇ ಇದ್ದರೆ ಡಬ್ಬಿ ಹಾಲು ಕೊಡಬೇಕಾಗುತ್ತೆ' ಎಂದು ಕೊರಟಗೆರೆ ಆಸ್ಪತ್ರೆಯ ನರ್ಸ್ ಹೇಳಿ ಕಳಿಸಿದ್ದರು. ನನಗೋ, ಹೇಗಾದರೂ ಮಾಡಿ ನನ್ನ ಹಾಲೇ ಕುಡಿಸಬೇಕೆಂಬ ಹಟ. ಆ ತೂಕದ ದಿನ ಬರುವುದರೊಳಗೆ ಏನೇನಾಯಿತು ಅಂತೀರಿ!

ಕಲಗಚ್ಚು

ಬಾಣಂತಿ ನೀರು ಕುಡಿಯಬಾರದು ಎಂಬುದು ನಮ್ಮಮ್ಮನ ಕಾನೂನು. ಕುಡಿದರೆ ಹೊಟ್ಟೆ ಬರುತ್ತದಂತೆ, ಮಗುವಿಗೆ ಶೀತವಾಗುತ್ತದಂತೆ. ದಿನಕ್ಕೆ ಮೂರು ಹೊತ್ತು ಬೆಳ್ಳುಳ್ಳಿ, ಮೆಣಸು, ಬಾಣಂತಿ ಖಾರ. ನೀರು ಮಾತ್ರ ತೀರ್ಥದ ಲೆಕ್ಕದಲ್ಲಿ. ನಾಲಿಗೆ ಒಣಗಿ ಅಂಗುಳಿಗೆ ಅಂಟಿಕೊಂಡಿರುತ್ತಿತ್ತು. ಆ ಸ್ಥಿತಿಯಲ್ಲಿ ಅಮ್ಮ ಬಂದು, "ಯಾಕೆ ಕಣೆ ಇನ್ನೂ ಹಾಲು ಇಳೀಲಿಲ್ಲ?" ಎಂದು ನನ್ನನ್ನೇ ಗದರುತ್ತಿದ್ದಳು.

ಒಂದು ದಿನ ಕಿಟಕಿಯಲ್ಲಿ ನೋಡುತ್ತೇನೆ, ಕೊಟ್ಟಿಗೆಯಲ್ಲಿ ಅಮ್ಮ ಹಸುವಿನ ಮುಂದೆ ಬಾನಿ ತುಂಬ ಕಲಗಚ್ಚು ಇಟ್ಟು, "ಕುಡಿಯವ್ವಾ, ಇನ್ನೊಂಚೂರು ಕುಡಿ" ಎಂದು ಅದರ ಬೆನ್ನು ಸವರುತ್ತಿದ್ದಾಳೆ. ನನಗೆ ಪಿತ್ತ ನೆತ್ತಿಗೇರಿತು.

"ಅಲ್ಲಮ್ಮ, ಹಸುಗೆ ಬಾನಿಗಟ್ಟಲೆ ಇಡ್ತೀಯ, ಹೆತ್ತ ಮಗಳಿಗೆ ಒಂದು ಚೊಂಬು ನೀರು ಕೊಡಲ್ವಲ್ಲ. ಅದೇನು ನಿನ್ನ ಸ್ವಂತ ಮಗಳಾ?"

ಅಮ್ಮ ತಿರುಗಿ ಕೂಡ ನೋಡಲಿಲ್ಲ. "ಅದು ಹಾಲು ಕೊಡ್ತೈತೆ ಕಣೆ. ನೀನೂ ಕೊಡು, ನಿನಗೂ ಬಾನಿ ಇಡ್ತೀನಿ."

ಇಲ್ಲ ಅಂದರೆ ಇದೆ

ನಮ್ಮ ಕಡೆ ಒಂದು ಪದ್ಧತಿ. ಬಾಣಂತಿಗೆ ಹಾಲು ಎಷ್ಟೇ ಸಮೃದ್ಧಿಯಾಗಿದ್ದರೂ ಕೇಳಿದವರಿಗೆ "ಸಾಲ್ದು" ಅನ್ನಬೇಕು. "ಚೆನ್ನಾಗಿದೆ" ಅಂದರೆ ದೃಷ್ಟಿ ತಗುಲಿ ಹಾಲು ಬತ್ತಿಹೋಗುತ್ತದೆ. ಎಲ್ಲ ತಾಯಂದಿರೂ ತಲೆಮಾರುಗಳಿಂದ ಈ ಸುಳ್ಳು ಹೇಳಿಕೊಂಡು ಬಂದಿರುವುದರಿಂದ, ನನ್ನ ನಿಜಕ್ಕೆ ಬೆಲೆಯೇ ಇಲ್ಲದಂತಾಯಿತು.

ಪಕ್ಕದ ಮನೆ ಅಜ್ಜಿ ಬಂದರು. "ಹಾಲು ಹೆಂಗೈತಮ್ಮಾ?"

"ಇಲ್ಲ ಅಜ್ಜಿ. ಒಂಚೂರೂ ಸಾಲ್ತಿಲ್ಲ."

"ಜಾಣೆ! ಅಂಗೇ ಹೇಳ್ಬೇಕು ಕಣಮ್ಮ."

"ಅಯ್ಯೋ ನಿಜವಾಗ್ಲೂ ಅಜ್ಜಿ! ಅವನ ಹೊಟ್ಟೆ ತುಂಬ್ತಿಲ್ಲ, ನನಗೆ ನೋವು ತಡ್ಕೊಳಕ್ಕಾಗ್ತಿಲ್ಲ!" ಅಂದೆ. ಕಣ್ಣಲ್ಲಿ ನೀರೂ ಬಂತು.

ಅಜ್ಜಿ ಅಮ್ಮನ ಕಡೆ ತಿರುಗಿ, "ನಿನ್ನ ಮಗಳು ಭಾಳ ಚೆಂದ ಹೇಳ್ತಾಳೆ ಬುಡು, ಅಳ್ತಾ ಬೇರೆ ಹೇಳ್ತಾಳೆ! ನನ್ನ ಸೊಸೆಗೆ ಇಷ್ಟು ನಾಜೂಕು ಬರ್ಲಿಲ್ಲ" ಅಂದರು. ಅಮ್ಮನಿಗೆ ಹೆಮ್ಮೆಯೋ ಹೆಮ್ಮೆ.

ಆದರೂ ಅಜ್ಜಿಯ ಕಣ್ಣು ಬಿದ್ದಿರಬಹುದೆಂದು ಅಮ್ಮನಿಗೆ ಅಳುಕು. ಅವತ್ತಿನಿಂದ ನಾನು ಹಾಲು ಕೊಡಲು ಕೂತರೆ ಸಾಕು, ಕಿಟಕಿ ಮುಚ್ಚಿ, ನನ್ನ ತಲೆಯಿಂದ ಮಂಡಿಯವರೆಗೆ ಒಂದು ಹಳೇ ಸೀರೆ ಹೊದಿಸಿಬಿಡುತ್ತಿದ್ದಳು. ಒಳಗೆ ಮಗ ಎಲ್ಲಿದ್ದಾನೆ, ಬಾಯಿ ಎಲ್ಲಿದೆ, ನನಗೇ ಕಾಣದು. ಅಷ್ಟು ಸಾಲದೆಂದು ಒಣಮೆಣಸಿನಕಾಯಿ, ಕಲ್ಲುಪ್ಪು ನಿವಾಳಿಸಿ ಒಲೆಗೆ ಹಾಕಿದಳು. ದೃಷ್ಟಿಯಾಗಿದ್ದರೆ ಘಾಟು ಬರಬಾರದು, ಅದು ಲೆಕ್ಕ. ಬಂತು ನೋಡಿ ಘಾಟು! ಮನೆಯವರೆಲ್ಲ ಕೆಮ್ಮುತ್ತಾ ಬೀದಿಗೆ ಓಡಿದೆವು. ಅಮ್ಮ ಕಣ್ಣೊರೆಸಿಕೊಂಡು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದಳು.

"ಥೂ, ನಿನಗೆ ದೃಷ್ಟೀನೂ ಆಗಿಲ್ವಲ್ಲೇ!"

ಬೀಗ್ತಿಯರು

ಸುದ್ದಿ ತಿಳಿದು ಪಾವಗಡ ಕಡೆಯಿಂದ ನಮ್ಮತ್ತೆ ಬಂದಿಳಿದರು. ಅವರದು ಅರ್ಧ ಕನ್ನಡ, ಅರ್ಧ ತೆಲುಗು, ಮಿಕ್ಕಿದ್ದು ಆಜ್ಞೆ. ಅಮ್ಮನನ್ನು ಕರೆಯುವುದು 'ವದಿನಾ', ಅಂದರೆ ಅತ್ತಿಗೆ ಅಂತ. ಬಂದವರೇ ಅಡುಗೆಮನೆಗೆ ಹೋಗಿ, "ಇದೇಂ ವದಿನಾ, ಬಾಣಂತಿಗೆ ಸಬ್ಬಸಿಗೆ ಸೊಪ್ಪು ಹಾಕ್ತಾರಾ? ತಂಪು!" ಅಂದರು. ಸಬ್ಬಸಿಗೆ ಸೊಪ್ಪು ಆಚೆ ಹೋಯಿತು. ಅವರು ತಂದಿದ್ದ ನುಗ್ಗೆಸೊಪ್ಪನ್ನು ನೋಡಿ ಅಮ್ಮ, "ನಮ್ಮಲ್ಲಿ ನುಗ್ಗೆ ಉಷ್ಣ ಕಣ್ರೀ" ಅಂದಳು. ಅದೂ ಹೋಯಿತು. ಅತ್ತೆ ತೊಗರಿಬೇಳೆಯನ್ನು ವಾಯು ಅಂದರು, ಅಮ್ಮ ಕಡಲೆಕಾಯನ್ನು ಪಿತ್ತ ಅಂದಳು. ಅತ್ತೆ ಮೊಸರು ತೆಗೆಸಿದರು, ಅಮ್ಮ ಹಾಲು ತೆಗೆಸಿದಳು.

ಮಧ್ಯಾಹ್ನ ತಟ್ಟೆ ಬಂತು. ಬಿಳಿ ಅನ್ನ, ಮೇಲೆ ಒಂದು ಚಮಚ ತುಪ್ಪ. ಇಬ್ಬರೂ ಎರಡು ಪಕ್ಕ ಕೂತು, "ಹೊಟ್ಟೆ ತುಂಬಾ ತಿನ್ನಮ್ಮಾ, ಹಾಲು ಬರ್ಬೇಕಲ್ಲ" ಅಂದರು. ನಾನು ಕೈ ಹಾಕುವಷ್ಟರಲ್ಲಿ ಅತ್ತೆ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡು ಮೂಸಿ ನೋಡಿದರು.

"ವದಿನಾ, ಈ ತುಪ್ಪ ಎಮ್ಮೇದಾ, ಹಸೂದಾ?"

ರಿಪೇರಿಯವರು

ನನ್ನ ಗಂಡನಿಗೆ ತಿರುಮಣಿ ಹತ್ತಿರದ ಸೋಲಾರ್ ಪಾರ್ಕಿನಲ್ಲಿ ರಿಪೇರಿ ಕೆಲಸ. ಒಳ್ಳೆಯ ಮನುಷ್ಯ. ಆದರೆ ಲೋಕದಲ್ಲಿ ಇರುವುದೆಲ್ಲ ಪ್ಯಾನೆಲ್ ಅಥವಾ ವೈರು ಎಂದು ತಿಳಿದಿದ್ದಾರೆ. ಫೋನಿನಲ್ಲಿ ನನ್ನ ಕಷ್ಟ ಹೇಳಿಕೊಂಡು ಗೊಳೋ ಅಂದೆ. ಆಚೆಯಿಂದ ಗಂಭೀರವಾದ ಪ್ರಶ್ನೆ ಬಂತು.

"ಎರಡೂ ಸೈಡ್ ಕಮ್ಮೀನಾ, ಇಲ್ಲಾ ಒಂದೇ ಸೈಡಾ?"

"ಎರಡೂ."

"ಬೆಳಗ್ಗೆ ಜಾಸ್ತಿನಾ, ಸಾಯಂಕಾಲಾನಾ?"

"ರೀ, ನಾನು ನೋವಲ್ಲಿ ಸಾಯ್ತಿದ್ದೀನಿ!"

"ಗಾಬರಿ ಆಗ್ಬೇಡ ಕಣೆ. ನಮ್ಮಲ್ಲೂ ದಿನಾ ಇದೇ ಕಂಪ್ಲೇಂಟು. ಸುಮಾರು ಸಲ ಏನೂ ಆಗಿರಲ್ಲ, ಮೇಲೆ ಧೂಳು ಕೂತಿರುತ್ತೆ ಅಷ್ಟೆ."

ಫೋನ್ ಕುಕ್ಕಿದೆ. ಸ್ವಲ್ಪ ಹೊತ್ತಿಗೆ ಮೆಸೇಜ್ ಬಂತು: "ಒರೆಸಿದ್ಯಾ?"

ಕೊರಟಗೆರೆ ಬಂತು, ಇಳೀರಿ

ಕಡೆಗೂ ತೂಕದ ದಿನ ಬಂತು. ಅಮ್ಮ, ನಾನು, ಮಗ ಮೂವರೂ ಕೊರಟಗೆರೆ ಆಸ್ಪತ್ರೆಗೆಂದು ಬಸ್ಸು ಹತ್ತಿದೆವು. ಬಸ್ಸು ಮಧುಗಿರಿಗೆ ಹೋಗುವುದು, ಕಂಡಕ್ಟರ್ ನಮ್ಮ ಡಿಪೋದವರೇ. ಮಗನ ಕೈಕಾಲು ಕಡ್ಡಿಯಾಗಿದ್ದವು. ತೂಕ ಏರಿರುವುದಿಲ್ಲ ಅಂತ ನನಗೆ ಗೊತ್ತಿತ್ತು, ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ.

ಊರು ದಾಟುತ್ತಲೇ ಅವನು ಶುರು ಮಾಡಿದ. ಬಸ್ಸು ಕಿತ್ತುಹೋಗುವಂತೆ ಅಳು. ಅಮ್ಮ ತಕ್ಷಣ ಹಳೇ ಸೀರೆ ತೆಗೆದು ನನ್ನನ್ನು ಮುಚ್ಚಿದಳು. ಮಗ ಕಚ್ಚಿದ, ನಾನು "ಅಮ್ಮಾ!" ಎಂದು ಚೀರಿದೆ. ಡ್ರೈವರ್ ಗಾಬರಿಯಾಗಿ ಬ್ರೇಕ್ ಹಾಕಿದರು.

ಪಕ್ಕದ ಸೀಟಿನಲ್ಲಿ ಬುರ್ಖಾ ತೊಟ್ಟ ಹಿರಿಯ ಹೆಂಗಸೊಬ್ಬರು ಕೂತಿದ್ದರು. ಮಧುಗಿರಿಗೆ ಹೋಗಿ ಅಲ್ಲಿಂದ ಸಿರಾ ಬಸ್ಸು ಹಿಡಿಯುವವರು. ಅವರು ಸೀರೆಯ ತುದಿ ಎತ್ತಿ ಒಳಗೆ ಇಣುಕಿದರು.

"ಅರೆ ಬೇಟಿ, ಇದೇನು ಕತ್ತಲೆ? ಬಚ್ಚಾ ತುದಿ ಒಂದೇ ಕಚ್ಕೊಂಡು ನೇತಾಡ್ತಾ ಇದೆ. ನಿನಗೆ ನೋವಾಗ್ದೆ ಇನ್ನೇನು? ತೆಗಿ ಇದನ್ನ."

"ದೃಷ್ಟಿ ಆಯ್ತದೆ ಕಣಮ್ಮ..." ಅಂದಳು ಅಮ್ಮ.

"ಯಾರೂ ನೋಡಲ್ಲ. ನಾನಿದ್ದೀನಲ್ಲ ಅಡ್ಡ" ಎಂದು ಆಕೆ ಎದ್ದು ನಿಂತು, ಬುರ್ಖಾ ಅಗಲಿಸಿ ಪರದೆಯಾದರು. "ಈಗ ಅವನ ಮುಖ ನೋಡು. ಹೊಟ್ಟೆಗೆ ಹೊಟ್ಟೆ ತಾಗಿಸು. ನೀನು ಬಗ್ಗಬೇಡ, ಅವನನ್ನ ತಗೊಂಡು ಬಾ. ಬಾಯಿ ಪೂರಾ ತೆರೀಲಿ... ಇನ್ನೂ... ಹಾಂ, ಈಗ!"

ಮೊದಲ ಸಲ ಎದೆ ಅವನ ಬಾಯಿ ತುಂಬ ಸರಿಯಾಗಿ ಕೂತಿತು. ಚೀರಬೇಕೆಂದು ಹಲ್ಲು ಕಚ್ಚಿಕೊಂಡು ಕಾದೆ. ನೋವು ಬರಲೇ ಇಲ್ಲ. ಬದಲಿಗೆ ಗುಳುಕ್, ಗುಳುಕ್ ಅಂತ ಸದ್ದು. ಮಗ ನುಂಗುತ್ತಿದ್ದಾನೆ! ನಾನು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಅಮ್ಮ ಸೀರೆಯನ್ನು ಮಡಿಚಿ ಅದರಲ್ಲೇ ಕಣ್ಣೊರೆಸಿಕೊಂಡಳು. ಬಸ್ಸಿನ ಹೆಂಗಸರೆಲ್ಲ ಕತ್ತು ಚಾಚಿ ಆ ಸದ್ದು ಕೇಳುತ್ತಿದ್ದರು.

ಅಷ್ಟರಲ್ಲಿ ಬಸ್ಸು ನಿಂತಿತು. "ಮೇಡಂ, ಕೊರಟಗೆರೆ ಬಂತು, ಇಳೀರಿ" ಎಂದರು ಕಂಡಕ್ಟರ್.

ನಾನು ಏಳಲು ಹೊರಟೆ. ಹೆಂಗಸರೆಲ್ಲ ಒಟ್ಟಿಗೆ ತಿರುಗಿಬಿದ್ದರು. "ಏಳಬ್ಯಾಡ ಕೂತ್ಕಳಮ್ಮ! ರೀ, ಈಗ ಎಬ್ಬಿಸಿ ಬಾಯಿ ತಪ್ಪಿದ್ರೆ ನೀವು ಬಂದು ಕುಡಿಸ್ತೀರಾ? ಹೊಡೀರಿ ಸೀಟಿ!"

ಪಾಪ, ಅವರು ಸೀಟಿ ಹೊಡೆದರು. ಆಸ್ಪತ್ರೆ ಹಿಂದಕ್ಕೆ ಹೋಯಿತು. ಬಸ್ಸು ಮಧುಗಿರಿ ರಸ್ತೆ ಹಿಡಿದ ಮೇಲೆ ಕಂಡಕ್ಟರ್ ಟಿಕೆಟ್ ಮೆಷಿನ್ ಹಿಡಿದು ಮೆಲ್ಲಗೆ ಬಂದರು. ಪರದೆಯ ಆಚೆಯೇ ನಿಂತು ಕೇಳಿದರು.

"ಮೇಡಂ, ನಿಮಗೇ ಗೊತ್ತಲ್ಲ, ಚೆಕಿಂಗ್ ಬಂದ್ರೆ ನನ್ನ ತಲೆಗೆ ಬರುತ್ತೆ. ಹೆಂಗಸರ ಫ್ರೀ ಟಿಕೆಟ್ ಆದ್ರೂ ಸ್ಟಾಪ್ ಹೆಸರು ಬೇಕು. ಎಲ್ಲೀತನಕ ಕೊಡ್ಲಿ?"

ನಾನು ಮಗನ ಮುಖ ನೋಡಿದೆ. ಕಣ್ಣು ಮುಚ್ಚಿ, ಮುಷ್ಟಿ ಬಿಗಿಹಿಡಿದು ಒಂದೇ ಸಮನೆ ಎಳೆಯುತ್ತಿದ್ದ.

"ಅವನನ್ನೇ ಕೇಳಿ ಸಾರ್. ಅವನು ಎಲ್ಲಿ ಬಾಯಿ ಬಿಡ್ತಾನೋ, ಅದೇ ನನ್ನ ಸ್ಟಾಪು."