ಕರೆಯದೆ ಬಾರದ ಪ್ಯಾಕೇಜುಗಳು

ಮರೆವು ಮನುಷ್ಯನಿಗೆ ದೊರೆತ ವರವೆಂದು ಹೇಳುವ ಬಹಳ ಮಂದಿಯನ್ನು ನಾನು ಕಂಡಿದ್ದೇನೆ. ಅವರೆಲ್ಲರೂ, ಉಳಿದವರು ಮರೆಯಬೇಕಾದ ತಪ್ಪನ್ನು ತಾವೇ ಮಾಡಿದವರು. ನನಗೆ ಆ ವರ ದಕ್ಕಲಿಲ್ಲ. ಮೂವತ್ತೆರಡು ವರ್ಷ ಭೂಮಾಪಕನಾಗಿ ದುಡಿದು, ಗಡಿಕಲ್ಲು ಒಂದು ಗೇಣು ಸರಿದಿದ್ದರೂ ಪತ್ತೆಹಚ್ಚಿದವನು ನಾನು. ನನ್ನೊಡನೆ ಯಾರು, ಯಾವ ದಿನ, ಎಷ್ಟು ಗೇಣು ಮರ್ಯಾದೆ ಮೀರಿದರೆಂಬುದನ್ನೂ ಅಷ್ಟೇ ಖಚಿತವಾಗಿ ಹೇಳಬಲ್ಲೆ.

ನಮ್ಮ ಅವರ್ಸೆಯ ಮನೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆ ಕಾರ್ಯವ್ಯವಸ್ಥೆ ಬಂದದ್ದೂ ಒಂದು ಅವಮಾನದ ಫಲವಾಗಿಯೇ. ಆರು ವರ್ಷಗಳ ಹಿಂದೆ ಯಂತ್ರ ನಿಧಾನವಾಯಿತೆಂದು ಅದನ್ನು ಕಾರವಾರದ ಅಂಗಡಿಯೊಂದಕ್ಕೆ ಒಯ್ದಿದ್ದೆ. ಮಾಲೀಕ ಅದನ್ನು ಬಿಚ್ಚಿ ಕೂಡ ನೋಡದೆ, "ಇದ್ರದ್ದು ಮುಗೀತು ಅಜ್ಜಾ. ಉಪ್ಪಿನ ಮಾವಿನಕಾಯಿ ಭರಣಿ ಮೇಲೆ ಭಾರಕ್ಕೆ ಇಡ್ಲಿಕ್ಕೆ ಅಡ್ಡಿಲ್ಲ" ಎಂದ. ಆ ಅಂಗಡಿಯ ಮೆಟ್ಟಿಲನ್ನು ಇನ್ನು ತುಳಿಯುವುದಿಲ್ಲವೆಂದು ಅಲ್ಲಿಯೇ ಘೋಷಿಸಿ ಹಿಂತಿರುಗಿದೆ. ಹಳೆಯ ಯಂತ್ರದಲ್ಲೂ ಓಡುತ್ತದೆಂದು ಕೇಳಿ ಲಿನಕ್ಸನ್ನು ನಾನೇ ಹಾಕಿದೆ. ಕೊಟ್ಟ ಪ್ರತಿಯೊಂದು ಆಜ್ಞೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದು, ಕೆಳಗೆ ಸಹಿ ಮಾಡಿದೆ. ಆ ದಿನದಿಂದ ಹೋದ ಶುಕ್ರವಾರದವರೆಗೆ ಯಂತ್ರ ನನ್ನ ಮಾತು ಮೀರಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾನು ಮೊಮ್ಮಗಳ ಮದುವೆಗೆ ಕರೆಯಬೇಕಾದ ಮನೆಗಳ ಪಟ್ಟಿಯನ್ನು ಮುದ್ರಿಸಬೇಕಾಗಿತ್ತು. ಭಾನುವಾರದಿಂದ ಅಕ್ಷತೆ ಹಿಡಿದು ಮನೆಮನೆಗೆ ಹೊರಡುವುದೆಂದು ನಿಶ್ಚಯವಾಗಿತ್ತು. ನಮ್ಮ ಕಡೆ ಎಷ್ಟು ಚೆಂದದ ಕಾಗದವನ್ನು ಅಚ್ಚು ಹಾಕಿಸಿದರೂ ಅದು ಬರಿಯ ಕಾಗದವೇ; ಬಾಗಿಲಿಗೆ ಹೋಗಿ, ಹೆಸರು ಹಿಡಿದು ಕರೆದರಷ್ಟೇ ಕರೆ. ಮೊದಲು ಕರೆಯಬೇಕಾದ ಮನೆಯನ್ನು ಎರಡನೆಯದಾಗಿ ಕರೆದರೆ, ಆ ಮನೆಯವರು ಊಟಕ್ಕೆ ಬರುವುದಿಲ್ಲ. ಹಾಗಾಗಿ ಇನ್ನೂರ ಹದಿನಾಲ್ಕು ಮನೆಗಳನ್ನು ಹಿರಿತನದ ಪ್ರಕಾರ ಜೋಡಿಸಲು ನನಗೆ ಎರಡು ತಿಂಗಳು ಹಿಡಿದಿತ್ತು.

ಇಲ್ಲಿ ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಆ ಪಟ್ಟಿಯಲ್ಲಿ ಹಟ್ಟಿಕೇರಿಯ ವೆಂಕಣ್ಣನ ಹೆಸರಿರಲಿಲ್ಲ. ವೆಂಕಣ್ಣನೆಂದರೆ ನನ್ನ ಹೆಂಡತಿ ಗಿರಿಜೆಯ ಒಡಹುಟ್ಟಿದ ತಮ್ಮ. ಹನ್ನೊಂದು ವರ್ಷಗಳ ಹಿಂದೆ, ತನ್ನ ಗೃಹಪ್ರವೇಶದ ದಿನ, ಆತ ನನ್ನನ್ನು ಎರಡನೆಯ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿದ. ಮೊದಲ ಪಂಕ್ತಿಯಲ್ಲಿ ಅವನ ಟೆಲಿಫೋನ್ ಕಚೇರಿಯವರು ಕುಳಿತಿದ್ದರು. ಪಾಯಸ ನನ್ನ ಎಲೆಗೆ ಬರುವಷ್ಟರಲ್ಲಿ ಅದರೊಳಗಿನ ದ್ರಾಕ್ಷಿ, ಗೋಡಂಬಿ ಎರಡೂ ಮುಗಿದಿದ್ದವು. ಅಂದಿನಿಂದ ನಾನು ಆ ಮನೆಯ ಕಡೆ ತಲೆ ಹಾಕಿಲ್ಲ. ಗಿರಿಜೆ ಒಬ್ಬಳೇ ಹೋಗಿ ಬರುತ್ತಾಳೆ. ಅವಳು ಪಟ್ಟಿಯನ್ನು ನೋಡಿಲ್ಲವೆಂದೇ ನಾನು ನಂಬಿದ್ದೆ.

ಮುದ್ರಿಸುವ ಮುನ್ನ, ಶಿಸ್ತಿನ ಮನುಷ್ಯನಾದ್ದರಿಂದ, ಯಂತ್ರವನ್ನು ಅಪ್‌ಡೇಟ್ ಮಾಡಲು ಹೊರಟೆ. ಓದುಗರೇ, ಲಿನಕ್ಸಿನಲ್ಲಿ ಪ್ರತಿ ತಂತ್ರಾಂಶವೂ ಒಂದೊಂದು ಕಟ್ಟಾಗಿ ಬರುತ್ತದೆ; ಪ್ಯಾಕೇಜು ಎಂಬ ಆ ಕಟ್ಟು ಮದುವೆಯ ನೆಂಟನಂತೆ. ಒಂಟಿಯಾಗಿ ಬರುವ ಜಾತಿಯಲ್ಲ. ಬರೆಯುವ ತಂತ್ರಾಂಶದ ಹೊಸ ಆವೃತ್ತಿ, ಅಕ್ಷರ ಜೋಡಿಸುವ ಲೈಬ್ರರಿ ಎಂಬ ಸಹಾಯಕ ತಂತ್ರಾಂಶದ ಹೊಸ ಆವೃತ್ತಿ ಬಂದರೆ ಮಾತ್ರ ಬರುತ್ತೇನೆಂದಿತು. ಲೈಬ್ರರಿಯ ಹಳೆಯ ಆವೃತ್ತಿ ಜಗಲಿ ಬಿಟ್ಟು ಏಳಲೊಲ್ಲದು. ಹಳೆಯದು ಇರುವಲ್ಲಿ ಹೊಸದು ಕಾಲಿಡದು. ಹಳೆಯದನ್ನು ತೆಗೆಯಬೇಕೆಂದರೆ, ಅದನ್ನು ನಂಬಿಕೊಂಡ ಅರವತ್ತೊಂದು ಪ್ಯಾಕೇಜುಗಳು ತಾವೂ ಹೊರಡುತ್ತೇವೆಂದು ಸಾಲಾಗಿ ಎದ್ದು ನಿಂತವು. ನಾನು ಅರವತ್ತೊಂದರ ಹೆಸರನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ರಾಜಿ ಮಾಡಿಸುವ ಉತ್ಸಾಹದಲ್ಲಿ, ಬರೆಯುವ ತಂತ್ರಾಂಶವೊಂದನ್ನು ಮಾತ್ರ ಕಿತ್ತುಹಾಕಿ ಮತ್ತೆ ಕರೆದರೆ ಬಂದೀತೆಂದು ಭಾವಿಸಿ ಹಾಗೆಯೇ ಮಾಡಿದೆ. ಅದು ಹೋಯಿತು. ಮತ್ತೆ ಬರಲಿಲ್ಲ. ಈಗ ಪಟ್ಟಿ ಯಂತ್ರದೊಳಗೆ ಸುರಕ್ಷಿತವಾಗಿತ್ತು. ಅದನ್ನು ತೆರೆಯುವ ಕೈ ಮಾತ್ರ ಇರಲಿಲ್ಲ.

ಶುಕ್ರವಾರ ಕಳೆದು ಶನಿವಾರ ಮಧ್ಯಾಹ್ನವಾಯಿತು. ಕಾರವಾರದ ಅಂಗಡಿಗೆ ಹೋಗುವಂತಿಲ್ಲ. ಅಂಕೋಲೆಯ ಮುದ್ರಕ ನನ್ನ ನಿವೃತ್ತಿಯ ಸನ್ಮಾನಪತ್ರದಲ್ಲಿ ನನ್ನ ಹೆಸರಿನ ಹಿಂದೆ 'ದಿವಂಗತ' ಎಂದು ಅಚ್ಚು ಹಾಕಿದವನು, ಅಲ್ಲಿಗೂ ಹೋಗುವಂತಿಲ್ಲ. ಇನ್ನೂರ ಹದಿನಾಲ್ಕು ಮನೆಗಳಲ್ಲಿ ನೆನಪಿನಿಂದ ಬರೆದದ್ದು ನಲವತ್ತು. ನಲವತ್ತೊಂದನೆಯದು ಹೊಳೆಯಲಿಲ್ಲ. ಅಪಮಾನಗಳೆಲ್ಲ ನೆನಪಿವೆ, ನೆಂಟರು ನೆನಪಿಲ್ಲ!

ಗಿರಿಜೆ ಅಡುಗೆಮನೆಯಿಂದ ಬಂದು ಒರಸಿದ ಕೈಯನ್ನೇ ಮತ್ತೆ ಒರಸುತ್ತ, "ನಾ ವೆಂಕಣ್ಣಗೆ ಫೋನ್ ಮಾಡ್ದೆ. ಟೆಲಿಫೋನ್ ಕಚೇರೀಲಿ ಕಂಪ್ಯೂಟರ್ ಕೆಲ್ಸ ಮಾಡ್ದವ ಅಲ್ವಾ. ಹೊರಟಿದ್ದಾನಂತೆ" ಎಂದಳು.

"ನನ್ನನ್ನು ಕೇಳದೆ?"

"ಕೇಳಿದ್ರೆ ಬೇಡಾ ಅಂತಿದ್ರಿ. ಮದುವೆ ನಿಮ್ಮ ಕಂಪ್ಯೂಟರಿನದ್ದಲ್ಲ, ನಮ್ಮ ಹುಡುಗೀದು."

ವೆಂಕಣ್ಣ ಇದನ್ನು ದುರಸ್ತಿ ಮಾಡದಿದ್ದರೆ ಮದುವೆ ಕೆಡುತ್ತದೆ; ಮಾಡಿದರೆ ಪಟ್ಟಿ ಅವನ ಕಣ್ಣೆದುರಿಗೇ ತೆರೆಯುತ್ತದೆ. ಇದಕ್ಕಿಂತ ಕೆಟ್ಟ ತಿಕ್ಕಾಟವನ್ನು ಯಾವ ಪ್ಯಾಕೇಜೂ ನನಗೆ ತೋರಿಸಿರಲಿಲ್ಲ.

ವೆಂಕಣ್ಣ ಬಂದ. ಹನ್ನೊಂದು ವರ್ಷಗಳಲ್ಲಿ ಆತನ ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಎಂತ ಭಾವ, ಆರಾಮಾ?" ಎಂದು, ನಿನ್ನೆ ತಾನೆ ಬಂದು ಹೋದವನಂತೆ ಕುರ್ಚಿ ಎಳೆದು ಕುಳಿತ. ತೆರೆಯ ಮೇಲಿನ ಸಾಲುಗಳನ್ನು ನೋಡಿ, ನನ್ನ ನೋಟ್‌ಬುಕ್ಕನ್ನು ತಿರುವತೊಡಗಿದ.

"ಈ ಲೈಬ್ರರಿಗೆ ತಡೆ ಹಾಕಿದ್ದು ಯಾರು ಭಾವ? ಹೊಸದು ಬರ್ಲೇಬಾರ್ದು ಅಂತ ಗಟ್ಟಿ ಮಾಡಿ ಇಟ್ಟಿದ್ರಲ್ಲ."

"ನನಗೆ ತಿಳಿಯದು. ಅದನ್ನು ತಯಾರಿಸಿದವರೇ ಹಾಕಿರಬೇಕು."

ಆತ ಒಂದು ಪುಟದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದ: "'ಕನ್ನಡದ ಒತ್ತಕ್ಷರಗಳನ್ನು ಕೆಡಿಸಿದ ಕಾರಣ, ಈ ಲೈಬ್ರರಿಯ ಯಾವುದೇ ಹೊಸ ಆವೃತ್ತಿಯನ್ನು ಇನ್ನು ಮುಂದೆ ಸೇರಿಸತಕ್ಕದ್ದಲ್ಲ.' ಕೆಳಗೆ ನಿಮ್ದೇ ಸಹಿ. ಮೂರು ವರ್ಷ ಆಯ್ತು."

ಸಹಿ ನನ್ನದೇ ಆಗಿತ್ತು, ಎರಡು ಗೆರೆ ಎಳೆದದ್ದು.

"ಅವ್ರು ಆ ತಪ್ಪು ಆವಾಗ್ಲೇ ಸರಿ ಮಾಡಿ ಮತ್ತೊಂದು ಕಳ್ಸಿದ್ರು ಭಾವ. ನೀವು ಬಾಗಿಲು ತೆಗೀಲಿಲ್ಲ, ಅಷ್ಟೇ."

ಒಂದೇ ಸಾಲಿನ ಆಜ್ಞೆಯಿಂದ ಆತ ತಡೆಯನ್ನು ತೆಗೆದ. ಹೊಸ ಲೈಬ್ರರಿ ಬಂತು, ಅದರ ಬೆನ್ನಿಗೇ ಬರೆಯುವ ತಂತ್ರಾಂಶ ಬಂತು, ಉಳಿದವು ದಿಬ್ಬಣದಂತೆ ಒಳಗೆ ನುಗ್ಗಿದವು. ಒತ್ತಕ್ಷರಗಳು ಮುತ್ತಿನಂತಿದ್ದವು. ಮುದ್ರಣಯಂತ್ರ ಹಾಳೆಗಳನ್ನು ಒಂದೊಂದಾಗಿ ಹೊರಹಾಕುತ್ತಿದ್ದರೆ ವೆಂಕಣ್ಣ ಪ್ರತಿಯೊಂದನ್ನೂ ಎತ್ತಿಕೊಂಡು ಬೆರಳು ಇಳಿಸುತ್ತ ಓದಿದ. ಕೊನೆಯ ಹಾಳೆಯ ಕೊನೆಯ ಹೆಸರಿನ ಮೇಲೆ ಬೆರಳು ನಿಂತಿತು. ಗಿರಿಜೆ ಬಾಗಿಲಲ್ಲಿ ನಿಂತಿದ್ದಳು.

"ಇದ್ರಲ್ಲಿ ಹಟ್ಟಿಕೇರಿ ಕಾಣೂದಿಲ್ವಲ್ಲ ಭಾವ."

"ಅಪ್‌ಡೇಟಿನಲ್ಲಿ ಅಳಿಸಿಹೋಗಿರಬೇಕು" ಎಂದೆ. ಮೂವತ್ತೆರಡು ವರ್ಷಗಳ ಸೇವೆಯಲ್ಲಿ ಒಂದು ಸುಳ್ಳು ಅಳತೆ ಬರೆಯದವನ ಬಾಯಿಂದ ಬಂದ ಮಾತದು.

ವೆಂಕಣ್ಣ ಹಾಳೆಗಳನ್ನು ನಿಧಾನವಾಗಿ ಅಂಚು ಕೂಡಿಸಿ ಮೇಜಿನ ಮೇಲಿಟ್ಟ. "ಹೋಗ್ತದೆ, ಹಾಂಗೂ ಹೋಗ್ತದೆ. ನಮ್ಮನೆ ಮೊದಲ್ನೇ ಪಂಕ್ತಿಯಿಂದ್ಲೂ ಒಂದು ಹೆಸರು ಹಾಂಗೇ ಹೋಗಿತ್ತು. ಅವತ್ತು ಓಡಿಬಂದು ಕೈ ಹಿಡಿದು ಏಳಿಸ್ಬೇಕಾಗಿತ್ತು. ನಂಗೆ ಗೊತ್ತಾಗ್ಲಿಲ್ಲ."

ಆತ ಹೋದ ಮೇಲೆ ಗಿರಿಜೆ ಲೇಖನಿಯನ್ನು ತಂದು ನನ್ನ ಮುಂದಿಟ್ಟಳು. "ಪಟ್ಟಿ ನಾ ಮೊದ್ಲೇ ನೋಡಿದ್ದೆ" ಎಂದಷ್ಟೇ ಹೇಳಿ ಒಳಗೆ ಹೋದಳು. ನಾನು ಮೊದಲ ಹಾಳೆಯ ನೆತ್ತಿಯ ಮೇಲೆ, ಒಂದನೆಯ ಹೆಸರಿಗಿಂತಲೂ ಮೇಲೆ, ಹಟ್ಟಿಕೇರಿ ಎಂದು ಬರೆದೆ.

ಭಾನುವಾರ ಮೊದಲ ಅಕ್ಷತೆ ಹಿಡಿದು ಆ ಮನೆಗೇ ಹೋದೆವು. ಅವರು ಜಗಲಿಯವರೆಗೆ ಬಂದು ಎದುರುಗೊಂಡರು. ಪಾಯಸ ಮಾಡಿದ್ದರು, ನನ್ನ ಬಟ್ಟಲಿನಲ್ಲಿ ದ್ರಾಕ್ಷಿ, ಗೋಡಂಬಿಗಳ ನಡುವೆ ಪಾಯಸವನ್ನು ಹುಡುಕಬೇಕಾಗಿತ್ತು. ಹನ್ನೊಂದು ವರ್ಷಗಳ ಬಾಕಿ ಒಂದೇ ಬಟ್ಟಲಿನಲ್ಲಿ ತೀರಿತು. ಗಿರಿಜೆ ತಮ್ಮನ ಮನೆಯಲ್ಲಿ ಅಷ್ಟು ನಕ್ಕದ್ದನ್ನು ನಾನು ನೋಡಿಯೇ ಇರಲಿಲ್ಲ. ನೋಡಲು ನಾನು ಅಲ್ಲಿ ಇದ್ದದ್ದಾದರೂ ಯಾವಾಗ?

ಎಲ್ಲ ತಡೆಗಳನ್ನೂ ತೆಗೆದು ಹಗುರಾಗಿ ಮನೆಗೆ ಮರಳಿದೆ. ಅಲ್ಲಿ ಪಾಯಸದ ಮೇಲೆ ಕೊಟ್ಟ ಚಹಾದ ಲೋಟಗಳಲ್ಲಿ ಮಾತ್ರ, ವೆಂಕಣ್ಣನದು ತುಂಬಿತ್ತು. ನನ್ನದು ಅಂಚಿಗಿಂತ ಒಂದು ಬೆರಳು ಕಡಿಮೆ ಇತ್ತು. ದೊಡ್ಡ ವಿಷಯವಲ್ಲ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ, ಅಷ್ಟೇ. ಸಹಿ ಇನ್ನೂ ಮಾಡಿಲ್ಲ.